ಮರಣದ ನದಿ ಮತ್ತು ಏಳು ಗಂಟೆಗಳು: ‘ಸೇಬ್ರಿಯಲ್’ ಕಾದಂಬರಿಯ ಒಂದು ವಿವೇಚನೆ

ಕಿಶೋರರಿಗಾಗಿ ರಚಿತವಾದ ಕಾದಂಬರಿಗಳನ್ನು ವಿದ್ವದ್ವಲಯವು ವಿಮರ್ಶೆಯ ಕಕ್ಷೆಗೆ ತರುವುದು ವಿರಳ. ಅದರಲ್ಲಿಯೂ ಪ್ರೇತ ಪಿಶಾಚಗಳ ಕಥೆಯೆಂದೊಡನೆ ಅದು ಬಿಡುವಿನ ವೇಳೆಯ ರಂಜನೆಯೆಂದು ಬದಿಗಿರಿಸುವುದೇ ರೂಢಿ. ಪ್ರೇತದ ಕಥೆ ಮೂಲತಃ ಮರಣವನ್ನು ಕುರಿತ ಕಥೆ ಎಂಬುದನ್ನು ನಾವು ಮರೆಯುತ್ತೇವೆ. ಎಳೆಯ ಮನಸ್ಸು ಮರಣವನ್ನು ಮೊದಲ ಬಾರಿಗೆ ಎದುರಿಸಿದಾಗ ಕೇಳುವ ಪ್ರಶ್ನೆ ಒಂದೇ: ಹೋದವರನ್ನು ಮರಳಿ ಕರೆತರಲಾಗದೇ? ಹಿರಿಯರು ಈ ಪ್ರಶ್ನೆಗೆ ಸಮಾಧಾನ ಹೇಳಿ ಸುಮ್ಮನಾಗುತ್ತಾರೆ. ಸಾಹಿತ್ಯವು ಹಾಗೆ ಸುಮ್ಮನಾಗಲಾರದು. ಆಸ್ಟ್ರೇಲಿಯದ ಲೇಖಕ ಗಾರ್ತ್ ನಿಕ್ಸ್ ಅವರ ‘ಸೇಬ್ರಿಯಲ್’ ಎಂಬ ಕಾದಂಬರಿಯು ಈ ಪ್ರಶ್ನೆಯನ್ನೇ ಕೈಗೆತ್ತಿಕೊಂಡು, ಕರೆತರಲು ಸಾಧ್ಯವಿದ್ದರೂ ಕರೆತರಬಾರದು ಎಂಬ ಕಠಿಣವಾದ ಉತ್ತರವನ್ನು ಕೊಡುತ್ತದೆ. ಈ ಉತ್ತರವನ್ನು ಕೃತಿಯು ಎಷ್ಟರಮಟ್ಟಿಗೆ ಪ್ರಾಮಾಣಿಕವಾಗಿ ಕೊಟ್ಟಿದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1963ರಲ್ಲಿ ಮೆಲ್ಬರ್ನಿನಲ್ಲಿ ಜನಿಸಿ ಕ್ಯಾನ್ಬೆರಾದಲ್ಲಿ ಬೆಳೆದ ನಿಕ್ಸ್ ಪುಸ್ತಕ ವ್ಯಾಪಾರ, ಪ್ರಕಾಶನಗಳಲ್ಲಿ ದುಡಿದವರು. ಆಸ್ಟ್ರೇಲಿಯದ ಮೀಸಲು ಸೈನ್ಯದಲ್ಲಿ ಸೇವೆ ಸಲ್ಲಿಸಿದವರು. ‘ಸೇಬ್ರಿಯಲ್’ 1995ರಲ್ಲಿ ಪ್ರಕಟವಾಯಿತು. ಆ ವರ್ಷದ ಶ್ರೇಷ್ಠ ಫ್ಯಾಂಟಸಿ ಕಾದಂಬರಿಗೂ ಶ್ರೇಷ್ಠ ಕಿಶೋರ ಕಾದಂಬರಿಗೂ ಸಲ್ಲುವ ಆಸ್ಟ್ರೇಲಿಯದ ಆರಿಯಾಲಿಸ್ ಪ್ರಶಸ್ತಿಗಳೆರಡನ್ನೂ ಅದು ಪಡೆಯಿತು. ‘ಲಿರಾಯೆಲ್’ (2001), ‘ಅಭಾರ್ಸೆನ್’ (2003) ಮೊದಲಾದ ಕೃತಿಗಳು ಇದೇ ಲೋಕದ ಕಥೆಯನ್ನು ಮುಂದುವರಿಸಿವೆಯಾದರೂ ಮೊದಲ ಕಾದಂಬರಿಯು ತನ್ನಷ್ಟಕ್ಕೆ ಪೂರ್ಣವಾದುದು. ನಮ್ಮ ಚರ್ಚೆ ಅದೊಂದಕ್ಕೇ ಸೀಮಿತ.

ಕಥಾವಸ್ತುವನ್ನು ಸಂಗ್ರಹವಾಗಿ ಹೀಗೆ ಹೇಳಬಹುದು. ಒಂದು ಪುರಾತನ ಗೋಡೆಯು ಎರಡು ದೇಶಗಳನ್ನು ಬೇರ್ಪಡಿಸಿದೆ. ದಕ್ಷಿಣದ ಆನ್ಸೆಲ್‌ಸ್ಟಿಯರ್ ಇಪ್ಪತ್ತನೆಯ ಶತಮಾನದ ಆರಂಭದ ಇಂಗ್ಲೆಂಡನ್ನು ಹೋಲುವ ನಾಡು. ಅಲ್ಲಿ ಮೋಟಾರು, ಬಂದೂಕು, ವಿದ್ಯುತ್ತುಗಳಿವೆ. ಉತ್ತರದ ಹಳೆಯ ರಾಜ್ಯದಲ್ಲಿ ಯಂತ್ರಗಳು ನಡೆಯವು, ಮಂತ್ರಶಕ್ತಿ ನಡೆಯುತ್ತದೆ. ಮೃತರು ಅಲ್ಲಿ ಮರಳಿ ಬರುತ್ತಾರೆ. ಸೇಬ್ರಿಯಲ್ ಉತ್ತರದಲ್ಲಿ ಹುಟ್ಟಿ, ಐದನೆಯ ವಯಸ್ಸಿನಿಂದ ದಕ್ಷಿಣದ ವಸತಿಶಾಲೆಯಲ್ಲಿ ಬೆಳೆದ ಹದಿನೆಂಟರ ತರುಣಿ. ಒಂದು ರಾತ್ರಿ ಅವಳ ತಂದೆಯ ಖಡ್ಗವೂ ಏಳು ಗಂಟೆಗಳೂ ಅವಳ ಕೈ ಸೇರುತ್ತವೆ. ತಂದೆಯು ಮರಣದಲ್ಲಿ ಎಲ್ಲಿಯೋ ಸಿಲುಕಿದ್ದಾನೆಂಬುದಕ್ಕೆ ಅದೇ ಕುರುಹು. ಅವನನ್ನು ಅರಸಿ ಅವಳು ಗೋಡೆಯನ್ನು ದಾಟುತ್ತಾಳೆ. ಕೆರಿಗಾರ್ ಎಂಬ ಮಹಾಪ್ರೇತವು ಅವಳಿಗೆ ಎದುರಾಳಿ. ಸುಮಾರು ಇನ್ನೂರು ವರ್ಷಗಳ ಹಿಂದೆ ಅವನೇ ಆ ರಾಜ್ಯದ ರಾಜಪುತ್ರನಾಗಿದ್ದವನು. ತನ್ನ ಸೋದರಿಯರ ರಕ್ತದಿಂದ ರಾಜ್ಯದ ಆಧಾರಶಿಲೆಗಳನ್ನೇ ಒಡೆದವನು.

ಈ ಲೋಕದಲ್ಲಿ ಮರಣವೆಂಬುದು ಒಂದು ನದಿ. ಅದಕ್ಕೆ ಒಂಬತ್ತು ದ್ವಾರಗಳು. ಮಂಕು ಬೆಳಕು, ಮೂಳೆ ಕೊರೆಯುವ ಚಳಿ, ಕಾಲನ್ನು ಸೆಳೆಯುವ ಪ್ರವಾಹ. ಜೀವಂತರಾಗಿಯೇ ಈ ನದಿಗಿಳಿಯಬಲ್ಲ ಮಾಂತ್ರಿಕರ ದೇಹವು ದಡದಲ್ಲಿ ನಿಶ್ಚಲವಾಗಿ ನಿಂತಿರುವಾಗ ಅದರ ಮೇಲೆ ಹಿಮ ಕಟ್ಟುತ್ತದೆ. ನಮ್ಮ ಪುರಾಣಗಳ ವೈತರಣಿಯನ್ನೂ ಗ್ರೀಕರ ಸ್ಟಿಕ್ಸ್ ನದಿಯನ್ನೂ ಬಲ್ಲ ಓದುಗರಿಗೆ ಈ ಕಲ್ಪನೆ ಅಪರಿಚಿತವೆನಿಸದು. ಆದರೆ ವ್ಯತ್ಯಾಸವನ್ನು ಗಮನಿಸಬೇಕು. ವೈತರಣಿಯು ದಾಟಬೇಕಾದ ನದಿ; ಪಾಪಪುಣ್ಯಗಳ ಲೆಕ್ಕ ಅಲ್ಲಿ ನಡೆಯುತ್ತದೆ. ಸ್ಟಿಕ್ಸ್ ನದಿಗೆ ಅಂಬಿಗನಿದ್ದಾನೆ. ನಿಕ್ಸರ ನದಿಗೆ ಅಂಬಿಗನೂ ಇಲ್ಲ, ಆಚೆಯ ದಡವೂ ಇಲ್ಲ, ನ್ಯಾಯಾಧೀಶನೂ ಇಲ್ಲ. ಅಲ್ಲಿರುವುದು ಹರಿವು ಮಾತ್ರ. ಸತ್ತವನು ಮಾಡಬೇಕಾದ ಕಾರ್ಯ ಒಂದೇ: ಹರಿವಿಗೆ ತನ್ನನ್ನು ಒಪ್ಪಿಸಿಕೊಳ್ಳುವುದು. ಒಂಬತ್ತನೆಯ ದ್ವಾರವನ್ನು ದಾಟಿದವನು ಮರಳಲಾರ. ಅದಕ್ಕೆ ಮೊದಲು ಯಾವುದಾದರೊಂದು ಹಂತದಲ್ಲಿ ಕಾಲೂರಿ ನಿಂತು, ಪ್ರವಾಹಕ್ಕೆದುರಾಗಿ ಈಜಿ, ಜೀವಲೋಕಕ್ಕೆ ನುಸುಳಲು ಹೆಣಗುವವರೇ ಅಶಾಂತ ಮೃತರು.

ಅತೃಪ್ತ ಆಸೆಯಿಂದ ಸತ್ತವರು ಅಲೆಯುತ್ತಾರೆಂಬ ನಂಬಿಕೆ ಎಲ್ಲ ಜನಾಂಗಗಳಲ್ಲಿಯೂ ಉಂಟು. ಯಾರೋ ಮಾಡಿದ ಅನ್ಯಾಯಕ್ಕೆ ಪರಿಹಾರ ಬಯಸಿ ಪ್ರೇತ ಬರುತ್ತದೆ. ಪರಿಹಾರ ದೊರೆತೊಡನೆ ಹೋಗುತ್ತದೆ. ನಿಕ್ಸರ ಪ್ರೇತಗಳಿಗೆ ಅಂತಹ ಫಿರ್ಯಾದು ಏನೂ ಇಲ್ಲ. ಬದುಕು ಬೇಕೆಂಬ ಹಸಿವೊಂದೇ ಅವುಗಳನ್ನು ನಡೆಸುತ್ತದೆ. ಬೇರೆಯವರ ಪ್ರಾಣವನ್ನುಂಡು, ಬೇರೆಯವರ ಶರೀರವನ್ನು ಹೊಕ್ಕು ಅವು ಇರುತ್ತವೆ. ಇದ್ದಷ್ಟೂ ಮನುಷ್ಯತ್ವವನ್ನು ಕಳೆದುಕೊಳ್ಳುತ್ತವೆ. ಹರಿಯುವ ನೀರನ್ನು ಅವು ದಾಟಲಾರವೆಂಬ ನಿಯಮವು ಕಥೆಯಲ್ಲಿ ಪದೇ ಪದೇ ಬರುತ್ತದೆ. ಸಾಹಸ ಸನ್ನಿವೇಶಗಳಿಗೆ ಅದು ಉಪಕಾರಿ ಎಂಬುದೇನೋ ಸರಿ. ಆದರೆ ಮರಣದ ಪ್ರವಾಹವನ್ನು ಒಲ್ಲದವರಿಗೆ ಜೀವಲೋಕದ ಪ್ರವಾಹವೂ ಒಗ್ಗದು ಎಂಬ ಧ್ವನಿ ಅದರ ಹಿಂದಿದೆ ಎಂದರೆ ಅತಿಶಯೋಕ್ತಿಯಾಗಲಾರದು.

ಈ ಪ್ರೇತಗಳನ್ನು ಮತ್ತೆ ನದಿಗೆ ಕಳಿಸುವವನು ಅಭಾರ್ಸೆನ್. ಈ ಶಬ್ದವನ್ನು ಸೇಬ್ರಿಯಲ್ ತನ್ನ ತಂದೆಯ ಹೆಸರೆಂದೇ ತಿಳಿದಿದ್ದಳು. ಅದು ಹೆಸರಲ್ಲ, ಪದವಿ ಎಂದು ಅವಳಿಗೆ ತಿಳಿಯುವುದು ಪಯಣದ ನಡುವೆ. ಮೊಗೆಟ್ ಎಂಬ ಬಿಳಿಯ ಬೆಕ್ಕು (ಅದು ಬೆಕ್ಕಿನ ರೂಪದಲ್ಲಿ ಬಂಧಿತವಾದ ಪುರಾತನ ಶಕ್ತಿ) ಅವಳನ್ನೇ ಆ ಶಬ್ದದಿಂದ ಕರೆಯುತ್ತದೆ. ತಂದೆಯ ಹೆಸರೆಂದುಕೊಂಡದ್ದು ತನ್ನ ಮೇಲೆ ಬಂದು ಕೂರುವುದೆಂದರೆ ತಂದೆ ಇನ್ನಿಲ್ಲವೆಂದೇ ಅರ್ಥ. ಒಂದು ಸಂಬೋಧನೆಯಲ್ಲಿ ಸಾವಿನ ವಾರ್ತೆಯನ್ನೂ ಹೊಣೆಗಾರಿಕೆಯ ಹಸ್ತಾಂತರವನ್ನೂ ಅಡಗಿಸಿದ ಈ ಸನ್ನಿವೇಶ ಲೇಖಕರ ಸಂಯಮಕ್ಕೆ ಉತ್ತಮ ನಿದರ್ಶನ. ಷೇಕ್ಸ್‌ಪಿಯರನ ‘ಮೆಷರ್ ಫಾರ್ ಮೆಷರ್’ ನಾಟಕದಲ್ಲಿ ಗಲ್ಲಿಗೇರಿಸುವವನ ಹೆಸರು ಅಭಾರ್ಸನ್ ಎಂಬುದನ್ನು ಸಾಹಿತ್ಯ ವಿದ್ಯಾರ್ಥಿಗಳು ನೆನೆಯಬಹುದು. ಬದುಕಿದವರನ್ನು ಕೊಲ್ಲುವವನ ಹೆಸರಿನ ನೆರಳು ಇಲ್ಲಿ ಸತ್ತವರನ್ನು ಸಾಯಗೊಡುವವನ ಮೇಲೆ ಬಿದ್ದಿದೆ.

ಅಭಾರ್ಸೆನ್ನನ ಆಯುಧಗಳಾದ ಏಳು ಗಂಟೆಗಳು ಕಾದಂಬರಿಯ ಅತ್ಯಂತ ಸ್ವೋಪಜ್ಞವಾದ ಕಲ್ಪನೆ. ರಾನ್ನಾ ನಿದ್ರೆಗೊಳಿಸುತ್ತದೆ. ಮೊಸ್ರಾಯೆಲ್ ಎಚ್ಚರಿಸುತ್ತದೆ, ಆದರೆ ಅದರ ದನಿಗೆ ಮೃತನು ಬದುಕಿನತ್ತ ಏರಿದಷ್ಟೂ ಬಾರಿಸಿದವನು ಮರಣದೊಳಕ್ಕೆ ಇಳಿಯುತ್ತಾನೆ. ಕಿಬೆತ್ ನಡೆಸುತ್ತದೆ. ಡೈರಿಮ್ ಮಾತು ಕೊಡುತ್ತದೆ. ಬೆಲ್‌ಗೇರ್ ನೆನಪನ್ನೂ ಆಲೋಚನೆಯನ್ನೂ ಮರಳಿಸುತ್ತದೆ. ಸಾರಾನೆತ್ ಬಂಧಿಸುತ್ತದೆ. ಏಳನೆಯದು ಅಸ್ತರಾಯೆಲ್, ಶೋಕದ ಗಂಟೆ; ಅದನ್ನು ಕೇಳಿದವರೆಲ್ಲರೂ, ಬಾರಿಸಿದವನೂ ಸೇರಿದಂತೆ, ಮರಣದ ಆಳಕ್ಕೆ ಎಸೆಯಲ್ಪಡುತ್ತಾರೆ. ಇಂಗ್ಲೆಂಡಿನ ಇಗರ್ಜಿಗಳಲ್ಲಿ ಸಾವಿನ ಸಮಯಕ್ಕೆ ಗಂಟೆ ಬಾರಿಸುವ ಪದ್ಧತಿ ಹಿಂದೆ ಇತ್ತು; ನಮ್ಮಲ್ಲಿಯೂ ಶವಯಾತ್ರೆಯಲ್ಲಿ ಜಾಗಟೆ ಬಾರಿಸುವುದುಂಟು. ಆದುದರಿಂದ ಗಂಟೆಗೂ ಮರಣಕ್ಕೂ ಇರುವ ನಂಟು ಓದುಗನ ಸಂಸ್ಕಾರದಲ್ಲಿ ಮೊದಲೇ ಇದೆ. ನಿಕ್ಸ್ ಅದಕ್ಕೆ ಒಂದು ನೀತಿಯನ್ನು ಜೋಡಿಸಿದ್ದಾರೆ. ಗಂಟೆಯನ್ನು ಬಾರಿಸುವುದಕ್ಕಿಂತ ಅದರ ನಾಲಗೆಯನ್ನು ಬೆರಳಿನಿಂದ ಹಿಡಿದು ಮೌನವಾಗಿಡುವುದೇ ಕಷ್ಟ. ಎಚ್ಚರ ತಪ್ಪಿದರೆ ಗಂಟೆ ತನ್ನ ಇಚ್ಛೆಯಂತೆ ನುಡಿದು, ಹಿಡಿದವನನ್ನೇ ನುಂಗುತ್ತದೆ. ಶಕ್ತಿಯ ಪ್ರಯೋಗಕ್ಕಿಂತ ಅದರ ನಿಗ್ರಹವೇ ಇಲ್ಲಿ ವಿದ್ಯೆ.

ಈಗ ಕಾದಂಬರಿಯ ಮುಖ್ಯ ಗ್ರಂಥಿಗೆ ಬರಬಹುದು. ಅಭಾರ್ಸೆನ್ನನಿಗೆ ಸತ್ತವರನ್ನು ಎಬ್ಬಿಸುವ ಶಕ್ತಿಯಿದೆ; ಎಬ್ಬಿಸಬಾರದೆಂಬುದು ಅವನ ಧರ್ಮ. ಹೀಗಿದ್ದೂ ಕೃತಿಯ ಆರಂಭವೇ ಈ ಧರ್ಮದ ಉಲ್ಲಂಘನೆಯಿಂದ ಆಗುತ್ತದೆ. ಪ್ರಸ್ತಾವನೆಯಲ್ಲಿ ಹಸುಗೂಸು ಸೇಬ್ರಿಯಲ್ ಉಸಿರಿಲ್ಲದೆ ಹುಟ್ಟುತ್ತಾಳೆ. ತಂದೆ ನದಿಗಿಳಿದು ಅವಳನ್ನು ಎತ್ತಿ ತರುತ್ತಾನೆ. ಮೊದಲ ಅಧ್ಯಾಯದಲ್ಲಿ ಶಾಲೆಯ ಚಿಕ್ಕ ಹುಡುಗಿಯೊಬ್ಬಳ ಸಾಕುಮೊಲ ಮೋಟಾರಿಗೆ ಸಿಕ್ಕಿ ಸತ್ತಿದೆ. ಹುಡುಗಿ ಅಳುತ್ತಾಳೆ, ಬೇಡುತ್ತಾಳೆ. ಸೇಬ್ರಿಯಲ್ ಮೊದಲು ನಿರಾಕರಿಸಿ, ಕೊನೆಗೆ ಮನ ಕರಗಿ ಮೊಲವನ್ನು ಬದುಕಿಸುತ್ತಾಳೆ. ಕಥೆಯ ಮುನ್ನಡೆಗೆ ಮೊಲದ ಪ್ರಸಂಗ ಅನಿವಾರ್ಯವಲ್ಲ. ಕಥೆಯ ಅರ್ಥಕ್ಕೆ ಅನಿವಾರ್ಯ. ಕರುಣೆಯಿಂದ ಮಾಡಿದ ಈ ಕಾರ್ಯವನ್ನು ತಪ್ಪೆನ್ನಲು ಯಾವ ಓದುಗನ ನಾಲಗೆಯೂ ಏಳದು. ಆದರೆ ಮೃತರನ್ನು ಎಬ್ಬಿಸುವ ದುಷ್ಟ ಮಾಂತ್ರಿಕರು ಮಾಡುವುದೂ ಇದನ್ನೇ ಅಲ್ಲವೇ ಎಂಬ ಸಂಶಯ ಬಿತ್ತನೆಯಾಗಿರುತ್ತದೆ. ಮೊಲಕ್ಕೆ ಸಲ್ಲುವುದು ತಂದೆಗೆ ಏಕೆ ಸಲ್ಲದು? ಅವಳ ಪಯಣವೆಲ್ಲವೂ ಈ ಪ್ರಶ್ನೆಯ ಬೆನ್ನು ಹತ್ತಿದ ಪಯಣ. ತಾನು ತಂದೆಯನ್ನು ಬಿಡಿಸಲು ಹೊರಟಿದ್ದೇನೆಂದು ಅವಳು ಭಾವಿಸಿದ್ದಾಳೆ. ಬೀಳ್ಕೊಡಲು ಹೊರಟಿದ್ದಾಳೆಂಬುದು ತಡವಾಗಿ ತಿಳಿಯುತ್ತದೆ.

ರಾಜಧಾನಿ ಬೆಲಿಸೇರ್‌ನ ಅರಮನೆಯ ಕೆಳಗಿನ ಜಲಾಶಯದಲ್ಲಿ ಅವಳಿಗೆ ತಂದೆಯ ದೇಹ ದೊರೆಯುತ್ತದೆ. ಅವಳು ನದಿಗಿಳಿದು ಅವನ ಚೇತನವನ್ನು ಕಂಡು ಕರೆತರುತ್ತಾಳೆ. ಆದರೆ ಅವನು ಮರಣದಲ್ಲಿ ಬಹುಕಾಲ ಇದ್ದವನು. ಅವನಿಗೆ ಉಳಿದಿರುವುದು ನೂರು ನೂರು ಎದೆಬಡಿತಗಳು, ಎಂದರೆ ಹತ್ತು ಸಾವಿರ. ಆರೋಗ್ಯವಂತನ ನಾಡಿ ನಿಮಿಷಕ್ಕೆ ಎಪ್ಪತ್ತರ ಸುಮಾರು ಬಡಿಯುವುದೆಂದರೆ ಎರಡೂವರೆ ಗಂಟೆಗೂ ಕಡಿಮೆ ಅವಧಿ. ಈ ಅವಧಿಯನ್ನು ತಂದೆಮಗಳು ವಿಲಾಪದಲ್ಲಿ ಕಳೆಯುವುದಿಲ್ಲ. ಮಾಡಬೇಕಾದುದನ್ನು ಅವನು ತಿಳಿಸುತ್ತಾನೆ. ಅವಳನ್ನು ದೂರ ಕಳುಹಿಸಿ, ಕೆರಿಗಾರನನ್ನು ತಡೆಹಿಡಿಯಲು ತಾನು ಉಳಿದು, ಕೊನೆಗೆ ಅಸ್ತರಾಯೆಲ್ ಗಂಟೆಯನ್ನು ತನ್ನ ಕೈಯಿಂದಲೇ ಬಾರಿಸುತ್ತಾನೆ. ಆ ಗಂಟೆಯ ಫಲವನ್ನು ಓದುಗನು ಮೊದಲೇ ಬಲ್ಲನಾದ್ದರಿಂದ ಲೇಖಕರು ವಿವರಿಸಬೇಕಾದುದೇನೂ ಉಳಿದಿಲ್ಲ. ಭಯಾನಕದಿಂದ ತೊಡಗಿದ ಕಥೆ ಇಲ್ಲಿ ಕರುಣಕ್ಕೆ ಏರಿ, ಕ್ಷಣಕಾಲ ಶಾಂತವನ್ನು ಮುಟ್ಟುತ್ತದೆ.

ಇಲ್ಲಿ ‘ಹ್ಯಾಮ್ಲೆಟ್’ ನಾಟಕದ ಸ್ಮರಣೆ ಸಹಜ. ಅಲ್ಲಿಯೂ ಸತ್ತ ತಂದೆ ಮಗನ ಬಳಿಗೆ ಬರುತ್ತಾನೆ. ಅವನು ಬರುವುದು ತನ್ನ ಸೇಡನ್ನು ಮಗನಿಗೆ ವಹಿಸಲು. ಸತ್ತವನ ತೀರದ ಋಣ ಬದುಕಿದವನ ಬದುಕನ್ನು ಸುಟ್ಟುಬಿಡುತ್ತದೆ. ಸೇಬ್ರಿಯಲಳ ತಂದೆ ತನ್ನ ಸಾವನ್ನು ತಾನೇ ಹೊತ್ತು ಮಗಳನ್ನು ಬದುಕಿನತ್ತ ಹೊರಡಿಸುತ್ತಾನೆ. ಮರಳಿ ಬರುವ ಮೃತರಲ್ಲಿಯೂ ಎರಡು ಬಗೆಯುಂಟೆಂಬುದನ್ನು ಈ ಹೋಲಿಕೆಯಿಂದ ಮನಗಾಣಬಹುದು. ಕೃತಿಯೊಳಗೇ ಇದಕ್ಕೆ ಇನ್ನೊಂದು ಸಮರ್ಥನೆಯಿದೆ. ಕಾದಂಬರಿಯಲ್ಲಿ ಜೋಪಾನವಾಗಿ ಇರಿಸಲ್ಪಟ್ಟ ದೇಹಗಳು ಎರಡು. ಒಂದು ಜಲಾಶಯದಲ್ಲಿರುವ ತಂದೆಯದು. ಇನ್ನೊಂದು ಗೋಡೆಯ ಈಚೆ, ಸೇಬ್ರಿಯಲಳ ಶಾಲೆಯ ಸಮೀಪದಲ್ಲಿ ಶಿಲಾಪೆಟ್ಟಿಗೆಯೊಳಗೆ ಅಡಗಿಸಿಟ್ಟ ಕೆರಿಗಾರನದು. ಆ ದೇಹ ಉಳಿದಿರುವ ತನಕ ಯಾವ ಗಂಟೆಯೂ ಕೆರಿಗಾರನನ್ನು ಕೊನೆಯ ದ್ವಾರದಾಚೆ ಕಳುಹಿಸಲಾರದು. ತಂದೆ ತನ್ನ ದೇಹಕ್ಕೆ ಅಲ್ಪಕಾಲ ಮರಳುವುದು ಅದನ್ನು ಬಿಡುವುದಕ್ಕಾಗಿ. ಕೆರಿಗಾರ್ ಇನ್ನೂರು ವರ್ಷ ತನ್ನ ದೇಹವನ್ನು ಕಾಪಾಡಿರುವುದು ಎಂದೂ ಬಿಡದಿರುವುದಕ್ಕಾಗಿ. ದೇಹಮೋಹದ ಪರಮಾವಧಿಯೇ ಪ್ರೇತತ್ವ ಎಂಬ ತತ್ತ್ವವನ್ನು ಉಪದೇಶದ ಮಾತಿಲ್ಲದೆ, ಕಥೆಯ ರಚನೆಯಿಂದಲೇ ಹೇಳಿರುವುದು ಈ ಕೃತಿಯ ಹಿರಿಮೆ.

ಕೃತಿಯ ಮರಣದೃಷ್ಟಿಗೆ ಒಂದು ಚಾರಿತ್ರಿಕ ಹಿನ್ನೆಲೆಯೂ ಇದ್ದಂತೆ ತೋರುತ್ತದೆ. ಗೋಡೆಯ ದಕ್ಷಿಣದ ಗಡಿಯಲ್ಲಿ ನಿಕ್ಸ್ ಚಿತ್ರಿಸುವ ಸೈನ್ಯದ ನೆಲೆಯಲ್ಲಿ ಕಂದಕಗಳೂ ಮುಳ್ಳುತಂತಿಗಳೂ ತುಂಬಿವೆ. 1914–18ರ ಮಹಾಯುದ್ಧದ ರಣಭೂಮಿಯನ್ನು ಅದು ನೇರವಾಗಿ ನೆನಪಿಸುತ್ತದೆ. ಅಲ್ಲಿ ಮಡಿದವರು ಮರಳಿ ಏಳದಂತೆ ಅಭಾರ್ಸೆನ್ನನು ನೆಟ್ಟ ಗಾಳಿಕೊಳಲುಗಳು ಕಾಯುತ್ತಿವೆ. ಅವನು ಸತ್ತ ಮೇಲೆ ಅವು ಬಹುಕಾಲ ನುಡಿಯಲಾರವು. ಆ ಯುದ್ಧದಲ್ಲಿ ಆಸ್ಟ್ರೇಲಿಯವು ಸುಮಾರು 60,000 ಜನರನ್ನು ಕಳೆದುಕೊಂಡಿತು. ಆಗ ಆ ದೇಶದ ಜನಸಂಖ್ಯೆ 50 ಲಕ್ಷವನ್ನೂ ಮುಟ್ಟಿರಲಿಲ್ಲ. ಬಿದ್ದವರನ್ನು ಬಿದ್ದ ನಾಡಿನಲ್ಲಿಯೇ ಹೂಳುವುದು ಬ್ರಿಟಿಷ್ ಸಾಮ್ರಾಜ್ಯದ ನಿಯಮವಾಗಿದ್ದುದರಿಂದ ಮನೆಯವರಿಗೆ ದೇಹ ದೊರೆಯಲಿಲ್ಲ. ಎಷ್ಟೋ ಜನರಿಗೆ ಗುರುತಿನ ಸಮಾಧಿಯೂ ಇರಲಿಲ್ಲ. ಫ್ರಾನ್ಸಿನಲ್ಲಿ ಹೂಳಲ್ಪಟ್ಟಿದ್ದ ಅನಾಮಧೇಯ ಸೈನಿಕನೊಬ್ಬನ ಅವಶೇಷಗಳನ್ನು ತಂದು ಕ್ಯಾನ್ಬೆರಾದ ಯುದ್ಧಸ್ಮಾರಕದಲ್ಲಿ ಮತ್ತೆ ಮಣ್ಣು ಮಾಡಿದ್ದು 1993ರಲ್ಲಿ, ಈ ಕಾದಂಬರಿ ಪ್ರಕಟವಾಗುವುದಕ್ಕೆ ಎರಡು ವರ್ಷ ಮೊದಲು. ಒಂದರಿಂದ ಇನ್ನೊಂದು ಹುಟ್ಟಿತೆಂದು ಹೇಳುವುದು ಸಾಹಸವಾದೀತು. ಆದರೆ ಸತ್ತವರಿಗೆ ಸರಿಯಾದ ವಿದಾಯ ಸಲ್ಲದಿದ್ದರೆ ಬದುಕಿದವರ ಲೋಕ ಅಸ್ವಸ್ಥವಾಗುತ್ತದೆ ಎಂಬ ಭಾವ ಆ ಸಮಾಜದಲ್ಲಿ ಕಟ್ಟುಕಥೆಯಾಗಿರಲಿಲ್ಲ ಎಂಬುದಂತೂ ನಿಜ.

ಕೃತಿಯ ದೋಷಗಳನ್ನೂ ಹೇಳದಿದ್ದರೆ ವಿಮರ್ಶೆ ಅಪೂರ್ಣವಾಗುತ್ತದೆ. ಕೆರಿಗಾರ್ ಭಯದ ಆಕೃತಿಯಾಗಿ ಉಳಿದಿದ್ದಾನೆ. ಒಬ್ಬ ರಾಜಪುತ್ರನು ಸೋದರಿಯರನ್ನೇ ಬಲಿಗೊಡುವಷ್ಟು ಮರಣಕ್ಕೆ ಅಂಜಿದ್ದು ಹೇಗೆಂಬುದರ ಅಂತರಂಗ ನಮಗೆ ದೊರೆಯುವುದಿಲ್ಲ. ವಿಷಯವೇ ದೇಹಮೋಹವಾಗಿರುವಾಗ ಆ ಮೋಹದ ಮೂರ್ತಿಯನ್ನು ಇಷ್ಟು ಹೊರಗಿನಿಂದ ಚಿತ್ರಿಸಿದ್ದು ನ್ಯೂನತೆಯೇ ಸರಿ. ಸೇಬ್ರಿಯಲಳೊಡನೆ ಪಯಣಿಸುವ ಟಚ್‌ಸ್ಟೋನ್ ಇನ್ನೂರು ವರ್ಷ ಮರದ ಪ್ರತಿಮೆಯಾಗಿ ಬಂಧಿತನಾಗಿದ್ದವನು. ತನ್ನ ಕಾಲದವರೆಲ್ಲರೂ ಅಳಿದುಹೋದ ಜಗತ್ತಿಗೆ ಎಚ್ಚರಗೊಂಡವನ ದುಃಖ ಎಂತಹುದೆಂಬುದನ್ನು ಬೆಳೆಸುವ ಬದಲು ಲೇಖಕರು ಅವನನ್ನು ತ್ವರೆಯಿಂದ ಪ್ರಣಯದ ನಾಯಕನನ್ನಾಗಿಸಿದ್ದಾರೆ. ಶಾಲೆಯ ಆವರಣದ ಅಂತಿಮ ಕಾಳಗವೂ ದೀರ್ಘವಾಯಿತು.

ಎಲ್ಲಕ್ಕಿಂತ ಮುಖ್ಯವಾದ ಆಕ್ಷೇಪ ಮುಕ್ತಾಯದ್ದು. ಕಾಳಗದ ಕೊನೆಯಲ್ಲಿ ಸೇಬ್ರಿಯಲ್ ಸಾಯುತ್ತಾಳೆ. ನದಿ ಅವಳನ್ನು ಕೊಂಡೊಯ್ಯುತ್ತದೆ. ಆದರೆ ಗತಿಸಿದ ಅಭಾರ್ಸೆನ್ನರು, ಅವಳ ಪೂರ್ವಿಕರು, ಮುಂದೆ ಹೋಗಗೊಡದೆ ಹಿಂದಕ್ಕೆ ಕಳುಹಿಸುತ್ತಾರೆ. ಅವಳ ಸ್ಥಾನವನ್ನು ತುಂಬುವವರು ಬೇರೆ ಯಾರೂ ಇಲ್ಲವೆಂಬುದು ಅವರ ಕಾರಣ. ಮರಳಬಾರದೆಂದು ಆದ್ಯಂತ ಸಾರಿದ ಕೃತಿ ನಾಯಿಕೆಯನ್ನೇ ಮರಳಿಸಿದರೆ ತನ್ನ ಮಾತನ್ನು ತಾನೇ ಮುರಿದಂತಾಗಲಿಲ್ಲವೇ? ಕಿಶೋರ ಓದುಗರ ಮನಸ್ಸು ನೋಯದಿರಲೆಂದು ಲೇಖಕರು ಇಲ್ಲಿ ಸ್ವಲ್ಪ ಸಡಿಲಿಸಿದ್ದಾರೆಂಬುದನ್ನು ಒಪ್ಪಬೇಕು. ಆದರೂ ಈ ಮರಳುವಿಕೆ ಕೆರಿಗಾರನದಕ್ಕಿಂತ ಭಿನ್ನ. ಅದನ್ನು ಅವಳು ಬೇಡಲಿಲ್ಲ, ನದಿಗೆದುರಾಗಿ ಈಜಲಿಲ್ಲ, ಬೇರೆಯವರ ಪ್ರಾಣವನ್ನು ಕಸಿಯಲಿಲ್ಲ. ಹೋಗಲು ಸಿದ್ಧಳಾಗಿದ್ದವಳಿಗೆ ಬದುಕು ಹೊಣೆಯಾಗಿ ಹಿಂತಿರುಗಿ ಬಂತು. ಆದುದರಿಂದ ಮುಕ್ತಾಯವು ತತ್ತ್ವವನ್ನು ಮುರಿಯುವುದಿಲ್ಲ. ಅದರ ಅಲಗನ್ನು ಮಾತ್ರ ತುಸು ಮೊಂಡಾಗಿಸುತ್ತದೆ.

ಶರಣಸಾಹಿತ್ಯದ ಪರಿಚಯವಿರುವ ವಾಚಕರು ಈ ಕೃತಿಯಲ್ಲಿ ನಮ್ಮ ಐಕ್ಯದ ಕಲ್ಪನೆಯನ್ನು ಅರಸಬಾರದು. ಒಂಬತ್ತನೆಯ ದ್ವಾರದಾಚೆ ಏನಿದೆ ಎಂಬುದನ್ನು ಲೇಖಕರು ಸಿದ್ಧಾಂತವಾಗಿ ಹೇಳುವುದಿಲ್ಲ. ಇಲ್ಲಿ ದೈವವೂ ಇಲ್ಲ, ಭಕ್ತಿಯೂ ಇಲ್ಲ. ಇಲ್ಲದುದನ್ನು ಆರೋಪಿಸಿ ಹೊಗಳುವುದು ಕೃತಿಗೂ ನ್ಯಾಯವಲ್ಲ, ನಮ್ಮ ಪರಂಪರೆಗೂ ನ್ಯಾಯವಲ್ಲ. ಮಾಟಮಂತ್ರದ ಕಥೆ ಎಳೆಯರ ಕೈಗೆ ತಕ್ಕುದೇ ಎಂದು ಶಂಕಿಸುವ ಹಿರಿಯರಿಗೆ ಒಂದು ಮಾತು ಹೇಳಬಹುದು. ಈ ಕಾದಂಬರಿ ಮೃತರನ್ನು ಎಬ್ಬಿಸುವ ವಿದ್ಯೆಯ ಬಗೆಗೆ ಆಸೆ ಹುಟ್ಟಿಸುವುದಿಲ್ಲ. ಆ ವಿದ್ಯೆಯನ್ನು ಕಲಿತೂ ಬಳಸದಿರುವ ಕಷ್ಟವನ್ನು ಕಾಣಿಸುತ್ತದೆ. ಅಳುವ ಹುಡುಗಿಗೆ ಮೊಲವನ್ನು ಬದುಕಿಸಿಕೊಟ್ಟವಳು, ತನ್ನ ತಂದೆಯ ವಿಷಯದಲ್ಲಿ ಹತ್ತು ಸಾವಿರ ಬಡಿತಗಳ ಆಚೆಗೆ ಒಂದನ್ನೂ ಬೇಡದೆ ಬೆನ್ನು ತಿರುಗಿಸಿ ನಡೆಯುತ್ತಾಳೆ. ಪ್ರೀತಿಯ ವ್ಯಕ್ತಿಯನ್ನು ಹೋಗಗೊಡುವುದೂ ಪ್ರೀತಿಯ ಒಂದು ಕರ್ತವ್ಯವೆಂದು ಹದಿನೆಂಟರ ಹೆಣ್ಣು ಅರಿಯುವ ಬಗೆಯನ್ನು ಚಿತ್ರಿಸಿರುವ ಈ ಕೃತಿ ಕನ್ನಡಕ್ಕೆ ಬರಲು ಯೋಗ್ಯವಾಗಿದೆ. ಸಮರ್ಥರಾದ ಅನುವಾದಕರು ಇತ್ತ ಗಮನ ಹರಿಸಿದರೆ ನಮ್ಮ ಕಿಶೋರ ಸಾಹಿತ್ಯಕ್ಕೆ ಉಪಕಾರವಾದೀತು.